ಊಟದ ಸಾಲಿನಲ್ಲಿ ನನ್ನ ಜಾಗ

ಓದುಗರ ಸನ್ನಿಧಿಗೆ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಸಂಗತಿಯು ನಿಜಾಮರ ಆಳ್ವಿಕೆಯಲ್ಲಿ ತಾಂಡೂರಿನ ನಮ್ಮ ಮನೆಯಲ್ಲಿ ನಡೆದದ್ದು. ಬರೆಯುವುದು ನನಗೆ ಹೊಸದು; ಕ್ರಮ ತಪ್ಪಿದ್ದರೆ ಮನ್ನಿಸಬೇಕು.

ನಾನು ಮೈನೆರೆದು, ಆರತಿ ಮುಗಿದು, ಮೊದಲ ಬಾರಿ ಸೀರೆ ಉಟ್ಟ ವಾರವದು. ಅಲ್ಲಿಯವರೆಗೆ ಹೆಣ್ಣುಮಕ್ಕಳ ಉರ್ದು ಶಾಲೆಗೆ ಬಜಾರಿನೊಳಗಿಂದ ನಡೆದು ಹೋಗುತ್ತಿದ್ದೆ. ಇನ್ನು ಹೋಗಕೂಡದೆಂದು ಆಯಿ, ಅಂದರೆ ಅಪ್ಪನ ತಾಯಿ, ತೀರ್ಮಾನಿಸಿದರು. ಶಾಲೆ ಬಿಟ್ಟರೆ ಮುಂದಿನದು ಮದುವೆಯೆಂದು ನನಗೆ ಗೊತ್ತಿತ್ತು.

ನನ್ನ ವಯಸ್ಸಿನ ವಿಷಯದಲ್ಲಿ ಏಕಾಭಿಪ್ರಾಯವಿರಲಿಲ್ಲ. ಆಯಿಯ ಕಣ್ಣಿಗೆ ನಾನು ದೊಡ್ಡ ಹೆಂಗಸು. ಅಪ್ಪನಿಗೆ, ಬಿಸಿ ರೊಟ್ಟಿಗಾಗಿ ಜಗಳವಾಡುವ ಮಗು. ಅವ್ವ ಕಂಡಾಗಲೆಲ್ಲ ನನ್ನ ಸೆರಗು ಸರಿಪಡಿಸಿ, ಹಿಂದೆಯೇ ತಲೆ ಸವರುತ್ತಿದ್ದಳು. ನಮಗೆ ಪಾಠ ಹೇಳುತ್ತಿದ್ದ ಶಾಲೆಯ ಉಸ್ತಾನಿ ಮಾತ್ರ, ನನ್ನ ಪಾಠ ಎಲ್ಲಿಗೆ ನಿಂತಿದೆಯೆಂದು ಹೇಳಿಕಳುಹಿಸಿ ಕೇಳಿದ್ದರು. ನನಗೋ ಸದಾ ಹಸಿವು, ನಿದ್ದೆ, ಕಾರಣವಿಲ್ಲದ ಸಿಟ್ಟು.

ನಮ್ಮಲ್ಲಿ ಮಕ್ಕಳು ಮೊದಲು, ಗಂಡಸರು ನಂತರ, ಹೆಂಗಸರು ಕೊನೆಗೆ ಉಣ್ಣುವ ಪದ್ಧತಿ. ಆ ದಿನ ತಮ್ಮಂದಿರ ಜೊತೆ ಕುಳಿತಾಗ ಆಯಿ ನನ್ನ ತಾಟು ತೆಗೆದಿಟ್ಟರು.

“ಮ್ಯಾಲ ಏಳು. ಇನ್ನ ನಿಂದು ನಮ್ಮ ಸಂಗಟ.”

ಅಪ್ಪ ಊಟಕ್ಕೆ ಕುಳಿತಾಗ ನಾನು ಶಾಲೆಯ ಮಾತೆತ್ತಿದೆ.

“ಸಣ್ಣಾಕಿ, ದೊಡ್ಡೋರ ನಡುವ ಬಾಯಿ ಹಾಕಬ್ಯಾಡ” ಎಂದರು ಆಯಿ.

ಹೆಂಗಸರ ಸರದಿ ಬಂದಿತು. ನಾನು ಗೋಡೆಗೆ ಒರಗಿ ನಿಂತೆ; ಕೂರಲಿಲ್ಲ.

“ಯಾಕ, ಮಹಾರಾಣಿಗೆ ರೊಟ್ಟಿ ಸೇರಂಗಿಲ್ಲೇನು?” ಎಂದರು ಆಯಿ.

“ನಾ ದೊಡ್ಡಾಕಿ ಇದ್ರ ನನ್ನ ಮಾತು ಕೇಳ್ರಿ. ಸಣ್ಣಾಕಿ ಇದ್ರ ನಾಳಿಂದ ಮೊದಲಿನ ಸಾಲಿನಾಗ ತಾಟು ಹಾಕ್ರಿ. ಎರಡರಾಗ ಒಂದು ಹೇಳೋತನಕ ಉಣ್ಣಂಗಿಲ್ಲ.”

ಅಂಗಳದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪ ನಕ್ಕು ಆಯಿಗೆ ಹೇಳಿದರು: “ಅವ್ವಾ, ಮನ್ಯಾಗ ವಕೀಲ್ ಸಾಬ್ ಹುಟ್ಯಾರ. ಏನ್ ಹೇಳ್ತಿ?”

“ಬಜಾರದಾಗ ನಾಕ್ ಮಂದಿ ನೋಡ್ತಾರಲ್ಲೋ” ಎಂದರು ಆಯಿ.

“ಶಾಲಿದು ಪರದಾ ಬಂಡಿ ಐತಿ ಆಯಿ” ಎಂದೆ. “ಸಾಬರ ಮನಿ ಹುಡುಗ್ಯಾರು ಅದ್ರಾಗೇ ಬರ್ತಾರ. ನಾನೂ ಅದ್ರಾಗ ಹೋಗ್ತೀನಿ.”

ಆಯಿ ರೊಟ್ಟಿ ಮುರಿದರು. “ಮೊದಲ ಉಣ್ಣು. ಪರದಾ ದಪ್ಪ ಐತೋ ತೆಳ್ಳಗ ಐತೋ, ನಾ ನೋಡಬೇಕು.”

ಮರುದಿನ ಬಂಡಿ ಬಂದು ನಿಂತಾಗ ಆಯಿ ಪರದೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಒಳಗಿದ್ದ ಹುಡುಗಿಯರನ್ನು ಸರಿಸಿ ತಾವೇ ಹತ್ತಿ ಕುಳಿತು, ಹೊರಗೆ ನಿಂತ ಅವ್ವನನ್ನು ಕೇಳಿದರು: “ನಾ ಕಾಣ್ತೀನೇನು?”

“ಇಲ್ರಿ ಅತ್ತಿ.”

“ಹಂಗಾದ್ರ ಹತ್ತು” ಎಂದರು ನನಗೆ. ತಾವು ಇಳಿಯಲಿಲ್ಲ. ಶಾಲೆಯ ಬಾಗಿಲಿನವರೆಗೂ ಬಂದು, ಉಸ್ತಾನಿಯವರ ಕೈಗೆ ನನ್ನ ಕೈ ಕೊಟ್ಟು ಹೇಳಿದರು: “ಕೂಸು ಇನ್ನ ಸಣ್ಣದೈತ್ರಿ, ಹೊಡೀಬ್ಯಾಡ್ರಿ.”

ನಾನು ಅದನ್ನು ಅಲ್ಲಗಳೆಯಲಿಲ್ಲ. ಒಳಗೆ ಹೋಗಿ, ನಿಂತುಹೋಗಿದ್ದ ಪಾಠವನ್ನು ತೆರೆದೆ.