ಮೂರು ಫೈಲುಗಳನ್ನು ಹೊಲಿದ ಅಕ್ಕ

ಕಳೆದ ಮಾರ್ಚ್ ಹನ್ನೆರಡು, ಬುಧವಾರ, ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ದೊಡ್ಡಾಸ್ಪತ್ರೆಯ ಹೃದ್ರೋಗ ವಿಭಾಗದ ಕೌಂಟರಿನಿಂದ ನನ್ನ ಅಕ್ಕನನ್ನು ವಾಪಸು ಕಳಿಸಲಾಯಿತು. ಆಕೆಗೆ ಎಪ್ಪತ್ತೊಂದು ವರ್ಷ. ಎದೆ ಬಿಗಿಯುತ್ತಿತ್ತು. ಆಕೆ ಮಾಡಿದ್ದ ಅಪರಾಧ ಇಷ್ಟೇ: ತನ್ನ ಮೂರು ಫೈಲುಗಳನ್ನು ಸೇರಿಸಿ ಒಂದೇ ಪುಸ್ತಕವಾಗಿ ಹೊಲಿದಿದ್ದಳು.

ಅಕ್ಕ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಮೂವತ್ತೆಂಟು ವರ್ಷ ದುಡಿದವಳು. ಅಲ್ಲಿನವರಿಗೆ ಆಕೆ ‘ಸೂಜಿಯಕ್ಕ’. ಐವತ್ತೆರಡನೆಯ ವಯಸ್ಸಿನಲ್ಲಿ ಬೆರಳ ಗೆಣ್ಣುಗಳು ಊದತೊಡಗಿದವು. ಸಂಧಿವಾತ ಎಂದರು. ಮುಂದಿನ ಎಂಟು ವರ್ಷ ಆ ಬೆರಳುಗಳಿಂದಲೇ ದಪ್ಪ ದಪ್ಪ ಸಂಪುಟಗಳನ್ನು ಹೊಲಿದಳು. “ಗೆಣ್ಣು ಓರೆಯಾದ್ರೆ ಹೊಲಿಗೇನೂ ಓರೆಯಾಗ್ಬೇಕಂತ ಎಲ್ಲಿ ಬರ್ದಿದೆ?” ಎನ್ನುತ್ತಿದ್ದಳು.

ಆ ಆಸ್ಪತ್ರೆಯಲ್ಲಿ ಕೀಲುನೋವಿಗೆ ಹಳದಿ ಫೈಲು, ಮೂಳೆಗೆ ಹಸಿರು, ಹೃದಯಕ್ಕೆ ಗುಲಾಬಿ. ಫೈಲುಗಳು ರೋಗಿಯ ಮನೆಯಲ್ಲಿರುತ್ತವೆ. ಯಾವ ವಿಭಾಗಕ್ಕೆ ಹೋಗುತ್ತಾರೋ ಆ ಬಣ್ಣದ್ದನ್ನು ಮಾತ್ರ ತರಬೇಕು.

ಫೆಬ್ರವರಿಯಲ್ಲಿ ಬಾಗಿಲ ಚಿಲಕ ಎಳೆಯುವಾಗ ಅಕ್ಕನ ಎಡ ಮಣಿಕಟ್ಟು ಮುರಿಯಿತು. ಬಿದ್ದದ್ದಲ್ಲ, ಬರಿದೇ ಎಳೆದದ್ದು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಮೂರೂ ಫೈಲುಗಳನ್ನು ಮೇಜಿನ ಮೇಲೆ ಸುರಿದಳು.

“ಲೋ ಇನ್ಸ್‌ಪೆಕ್ಟರ್, ತಾರೀಖು ಓದು, ಹಾಳೆ ಹಿಡ್ಕೋ. ಕೈ ನಂದೊಂದು, ನಿಂದೆರಡು.”

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದು ನಿವೃತ್ತನಾದವನು. ಸಾಲು ಬಿಟ್ಟು ಓದುವ ಅಭ್ಯಾಸವಿಲ್ಲ. ಆರು ವರ್ಷಗಳ ಹಿಂದಿನ ಸೆಪ್ಟೆಂಬರ್ ನಾಲ್ಕರ ಹಸಿರು ಹಾಳೆಯಲ್ಲಿ ಬೆನ್ನೆಲುಬಿನ ಎಕ್ಸ್‌ರೇ ವರದಿಯಿತ್ತು. ಬೆನ್ನಿನ ಒಂದು ಮೂಳೆ ಕುಸಿದಿದೆ. ಅದರ ಕೆಳಗೆ ಇನ್ನೊಂದು ಸಾಲು: ಬೆನ್ನೆಲುಬಿನ ಮುಂದಿರುವ ದೊಡ್ಡ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿದೆ. ತಮ್ಮದಲ್ಲದ ವಿಷಯವೆಂದು ಮೂಳೆಯವರು ಅದನ್ನು ಬಿಟ್ಟರು. ಹೃದಯದವರ ಕಣ್ಣಿಗೆ ಅದು ಬೀಳಲೇ ಇಲ್ಲ. ಆ ಸಾಲಿನಿಂದಲೇ ಹೃದ್ರೋಗ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಹುಡುಕಿ ನೋಡಿ ಎಂಬ ಸೂಚನೆ ಅದು. ಎರಡು ವರ್ಷಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು ಎಂದವಳಿಗೆ ಗುಲಾಬಿ ಫೈಲಿನಲ್ಲಿ ಮೂರು ಸಲ ಬರೆದ ಉತ್ತರ ಒಂದೇ: ‘ವಯೋಸಹಜ’.

ಇದನ್ನೆಲ್ಲ ತಾರೀಖಿನ ಕ್ರಮದಲ್ಲಿ ಹೊಲಿದು, ರಟ್ಟು ಹಾಕಿ, ಅಕ್ಕ ಆ ಬುಧವಾರ ಕೌಂಟರಿನ ಮೇಲಿಟ್ಟಳು.

“ಅಮ್ಮಾ, ಇದೇನಿದು? ಬಿಚ್ಕೊಂಡು ಬನ್ನಿ. ಗುಲಾಬಿ ಮಾತ್ರ,” ಎಂದ ಗುಮಾಸ್ತ.

“ಬಿಚ್ಚೋಕೆ ಬರಲ್ಲಪ್ಪ ನಂಗೆ. ಮೂವತ್ತೆಂಟು ವರ್ಷ ಹೊಲಿಯೋದೊಂದೇ ಕಲ್ತಿರೋದು.”

“ಹಾಗಾದ್ರೆ ಇವತ್ತು ನೋಂದಣಿ ಇಲ್ಲ. ಮುಂದಿನ ಸರದಿ ಮೇ ತಿಂಗಳಿಗೆ, ಆಗ ಬನ್ನಿ.”

“ಫೈಲು ಮೂರಾದ್ರೂ ಮೈ ಒಂದೇ ತರ್ತಿದ್ದೆನಲ್ಲಪ್ಪ, ಆಗ ಯಾಕೆ ಸುಮ್ನಿದ್ರಿ?”

ಗುರುವಾರ ಮತ್ತೆ ಹೋದೆವು. ಮತ್ತೆ ಅದೇ ಉತ್ತರ. ಶುಕ್ರವಾರ ಅಕ್ಕ ಕೌಂಟರಿಗೆ ಹೋಗದೆ, ವೈದ್ಯರ ಕೋಣೆಯ ಎದುರಿನ ಬೆಂಚಿನಲ್ಲಿ ಪುಸ್ತಕ ತೆರೆದು ಕುಳಿತಳು. ಹನ್ನೊಂದೂವರೆಗೆ ಹೊರಬಂದ ಹೃದಯದ ವೈದ್ಯೆ ನಿಂತಲ್ಲೇ ಓದಿದರು.

“ಯಾರಮ್ಮ ಇದನ್ನ ಹೊಲ್ದಿದ್ದು?”

“ನಾನೇ ತಾಯಿ.”

“ಕೀಲಿನ ಉರಿಯೂತ ಕೀಲಲ್ಲೇ ನಿಲ್ಲಲ್ಲಮ್ಮ. ಮೈಯೆಲ್ಲ ಸುತ್ತುತ್ತೆ. ಮೂಳೆ ಸವೆಸುತ್ತೆ, ರಕ್ತನಾಳದ ಗೋಡೇನೂ ಕೆಡಿಸುತ್ತೆ. ಕೀಲುನೋವಿಗೆ ಅಂತ ಇಷ್ಟು ವರ್ಷ ನುಂಗಿದ ಸ್ಟೆರಾಯ್ಡ್ ಮಾತ್ರೇನೂ ಕೈ ಜೋಡಿಸಿರುತ್ತೆ. ವಯಸ್ಸು ಅಂತ ಬರ್ದು ಬಿಡೋ ಹಾಗಿರ್ಲಿಲ್ಲ.”

“ಹಾಗಾದ್ರೆ ಆ ಉರಿಯೂತಕ್ಕೆ ನಿಮ್ಮ ಬಣ್ಣದ ನಿಯಮ ಗೊತ್ತಿಲ್ಲ ಅನ್ನಿ,” ಎಂದಳು ಅಕ್ಕ.

ವೈದ್ಯೆ ನಗಲಿಲ್ಲ. ಅಂದೇ ದಾಖಲು ಮಾಡಿಕೊಂಡರು. ಹೃದಯದ ಎರಡು ರಕ್ತನಾಳಗಳು ಬಹುಪಾಲು ಮುಚ್ಚಿದ್ದವು. ಸೋಮವಾರ ಸ್ಟೆಂಟ್ ಹಾಕಿದರು. ಮೂಳೆ ಗಟ್ಟಿಯಾಗುವ ಔಷಧವನ್ನೂ ಆಗಲೇ ಶುರು ಮಾಡಿಸಿದರು. ಅಕ್ಕ ಈಗ ಮೆಟ್ಟಿಲು ಹತ್ತುತ್ತಾಳೆ, ಹತ್ತುತ್ತಾ ನನ್ನನ್ನು ಬೈಯುತ್ತಾಳೆ ಸಹ.

ಏಪ್ರಿಲ್ ಇಪ್ಪತ್ತೆರಡರಂದು ದಾಖಲಾತಿ ವಿಭಾಗದಿಂದ ಪತ್ರ ಬಂದಿದೆ: ಫೈಲುಗಳನ್ನು ವಿರೂಪಗೊಳಿಸಲಾಗಿದೆ, ಬಿಚ್ಚಿ, ಬಣ್ಣವಾರು ಬೇರ್ಪಡಿಸಿ ತರದಿದ್ದರೆ ಜೂನ್ ಎರಡರ ಭೇಟಿಗೆ ನೋಂದಣಿ ಇಲ್ಲ.

ಆಸ್ಪತ್ರೆಯ ಅಧೀಕ್ಷಕರೇ, ಪುಸ್ತಕ ಬಿಚ್ಚುವುದಿಲ್ಲ. ಜೂನ್ ಎರಡರಂದು ಅಕ್ಕ ಅದನ್ನೇ ಕಂಕುಳಲ್ಲಿಟ್ಟುಕೊಂಡು ಬರುತ್ತಾಳೆ. ಆಕೆಯ ಹೆಸರನ್ನು ಬರೆದುಕೊಳ್ಳತಕ್ಕದ್ದು. ಸೆಪ್ಟೆಂಬರ್ ನಾಲ್ಕರ ಆ ಸಾಲನ್ನು ಓದಿ ಬದಿಗಿಟ್ಟವರು ಯಾರೆಂದು ಲಿಖಿತವಾಗಿ ತಿಳಿಸಿ. ಹಳದಿ ಫೈಲು ಹಿಡಿದು ಆ ಬೆಂಚುಗಳಲ್ಲಿ ಕಾಯುತ್ತಿರುವ ಪ್ರತಿಯೊಬ್ಬರ ಮೂಳೆಯನ್ನೂ ಹೃದಯವನ್ನೂ ಒಟ್ಟಿಗೆ ಪರೀಕ್ಷಿಸಿ, ಒಂದೇ ಕಡೆ ಬರೆದಿಡಿ. ಹೊಲಿಯಲು ಬರದಿದ್ದರೆ ಹೇಳಿ ಕಳಿಸಿ. ಸೂಜಿಯಕ್ಕ ಬಂದು ಕಲಿಸುತ್ತಾಳೆ.