ಎದುರು ಮನೆಯ ಮಹಡಿಯಲ್ಲಿ ನಾನು ಕಂಡದ್ದು

ಕುಮುದಾ ತನ್ನ ಮನೆಗೆಲಸದ ರತ್ನಮ್ಮನನ್ನು ಮೆಟ್ಟಿಲ ಮೇಲಿಂದ ತಳ್ಳಲಿಲ್ಲ. ರತ್ನಮ್ಮ ಜಾರಿ ಬಿದ್ದಳು. ಇದನ್ನು ನಾನು ಕಣ್ಣಾರೆ ನೋಡಿದ್ದೆ — ನೋಡಿಯೂ, ಪೊಲೀಸರು ಬಂದು ಕೇಳಿದಾಗ ನೋಡಿಲ್ಲ ಎಂದೆ. ಟೀವಿಯವರು ಬಂದಾಗ ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಐದು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡಿದ್ದೇನೆ, ಪೂಜೆ ಮಾಡಿದ್ದೇನೆ, ಮಗಳ ಬಾಣಂತನವನ್ನೂ ಮುಗಿಸಿದ್ದೇನೆ. ನನಗೆ ಏನೂ ಆಗಲಿಲ್ಲ. ನನ್ನನ್ನು ಹೆಚ್ಚು ಹೆದರಿಸುವುದು ಅದೇ.

ನನ್ನ ಹೆಸರು ಗಿರಿಜಾ. ನಾವು ದಾವಣಗೆರೆ ಕಡೆಯವರು. ಯಜಮಾನರ ನೌಕರಿಯ ದೆಸೆಯಿಂದ ಚಂದ್ರಾ ಲೇಔಟಿಗೆ ಬಂದು ಮೂವತ್ತು ವರ್ಷವಾಯಿತು. ಕುಮುದಾ ನಮ್ಮ ಎದುರು ಮನೆಗೆ ಬಾಡಿಗೆಗೆ ಬಂದವಳು. ಧಾರಾವಾಹಿ ನೋಡುವವರಿಗೆ ಅವಳ ಮುಖ ಗೊತ್ತಿಲ್ಲದೆ ಇರಲಿಲ್ಲ. ಸೊಸೆಯನ್ನು ಗೋಳು ಹುಯ್ದುಕೊಳ್ಳುವ ಅತ್ತೆಯ ಪಾತ್ರ, ಅದೂ ಐದು ವರ್ಷ ಒಂದೇ ಸಮ. ತರಕಾರಿ ಗಾಡಿಯವನೂ ಅವಳಿಗೆ ಸ್ವಲ್ಪ ಹೆದರಿಯೇ ತೂಗುತ್ತಿದ್ದ. ಆದರೆ ಮನೆಯಲ್ಲಿ ಅವಳಷ್ಟು ಮೆತ್ತಗಿನ ಹೆಂಗಸನ್ನು ನಾನು ನೋಡಿಲ್ಲ. ಮದುವೆಯಾದವಳಲ್ಲ, ಮನೆಯಲ್ಲಿ ಬೇರೆ ಯಾರಿಲ್ಲ, ಮೂಡಲಪಾಳ್ಯದಿಂದ ಬರುತ್ತಿದ್ದ ರತ್ನಮ್ಮನೇ ಅವಳಿಗೆ ಜೊತೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಕಲಸಿಕೊಂಡು ತಿನ್ನುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಶೂಟಿಂಗ್ ಇದ್ದ ದಿನ ಕುಮುದಾ ಬೆಳಿಗ್ಗೆ ಮಹಡಿಗೆ ಹೋಗಿ ಮಾತು ಬಾಯಿಪಾಠ ಮಾಡುತ್ತಿದ್ದಳು. ಅದು ಅವಳ ಪದ್ಧತಿ. ಗಂಟಲು ಬಿಟ್ಟು ಕೂಗಿದರೇ ಮಾತು ನಾಲಗೆಗೆ ಹತ್ತುವುದು ಎನ್ನುತ್ತಿದ್ದಳು. ರತ್ನಮ್ಮನಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಎಷ್ಟೋ ಸಲ ಕುಮುದಾ ನನ್ನನ್ನೇ ಕರೆಯುತ್ತಿದ್ದಳು. ನಾನು ಹಾಳೆ ಹಿಡಿದು ಸೊಸೆಯ ಮಾತು ಓದಬೇಕು, ಅವಳು ಅತ್ತೆಯಾಗಿ ನನ್ನ ಮೇಲೆ ಹರಿಹಾಯಬೇಕು. ಅರವತ್ತರ ಹತ್ತಿರ ಬಂದ ನಾನು ‘ಕ್ಷಮಿಸಿ ಅತ್ತೆ’ ಎನ್ನುತ್ತ ನಿಂತರೆ ಕೆಳಗೆ ರತ್ನಮ್ಮ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಇದನ್ನೆಲ್ಲ ಹೇಳುವುದು ಯಾಕೆಂದರೆ — ಆ ಕೂಗಾಟ ಏನೆಂದು ಬೀದಿಯಲ್ಲಿ ಬೇರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆಮೇಲೆ ನನ್ನ ಮಗಳ ನಿಶ್ಚಿತಾರ್ಥ ಬಂತು. ವಿಜಯನಗರದಲ್ಲಿ ಛತ್ರ. ಕುಮುದಾ ಬಂದೇ ಬರುತ್ತೇನೆ ಎಂದಿದ್ದಳು. ನಾನು ಅದನ್ನು ಬೀಗರಿಗೆ ಒಂದಲ್ಲ, ಹತ್ತು ಸಲ ಹೇಳಿದ್ದೆ. ಬೀಗಿತ್ತಿ ಫೋಟೋ ತೆಗೆಸಿಕೊಳ್ಳಲೆಂದೇ ತಂಗಿಯರನ್ನೆಲ್ಲ ಹೊರಡಿಸಿಕೊಂಡು ಬಂದಿದ್ದರು. ಕುಮುದಾ ಬರಲಿಲ್ಲ. ಶೂಟಿಂಗ್ ಮುಗಿಯಲಿಲ್ಲವಂತೆ. ‘ಬರ್ತಾರೆ ಅಂದ್ರಲ್ಲ?’ ಎಂದು ಬೀಗಿತ್ತಿ ಊಟದ ಎಲೆಯ ಮುಂದೆ ಕೇಳಿದಾಗ ನನ್ನ ಮುಖ ಇಷ್ಟಾಯಿತು. ಮರುದಿನ ಅವಳು ಒಂದು ರೇಷ್ಮೆ ಸೀರೆ ಹಿಡಿದು ಬಂದು ಕೈ ಮುಗಿದಳು. ನಾನು ನಕ್ಕೆ, ಕಾಫಿ ಕೊಟ್ಟೆ, ಸೀರೆ ತೆಗೆದುಕೊಂಡೆ, ಒಳಗೊಳಗೇ ಅವಳನ್ನು ಬೀದಿಗೆ ನಿಲ್ಲಿಸಿದೆ. ಇಷ್ಟು ಸಣ್ಣ ವಿಷಯ. ಕಾರಣವೆಂದು ಹೇಳಲು ನಾಚಿಕೆಯಾಗುವಷ್ಟು ಸಣ್ಣದು, ಆದರೆ ಬೇರೆ ಕಾರಣ ನನ್ನಲ್ಲಿಲ್ಲ.

ಎರಡು ತಿಂಗಳ ನಂತರ, ಬೇಸಿಗೆಯ ಒಂದು ಬೆಳಿಗ್ಗೆ, ನಾನು ನಮ್ಮ ಮಹಡಿಯಲ್ಲಿ ಸಂಡಿಗೆ ಇಡುತ್ತಿದ್ದೆ. ಎದುರು ಮಹಡಿಯಲ್ಲಿ ಕುಮುದಾ ನೀರಿನ ತೊಟ್ಟಿಯ ಹತ್ತಿರ ಹಾಳೆ ಹಿಡಿದು ಓಡಾಡುತ್ತಿದ್ದಳು. ನನ್ನನ್ನು ನೋಡಿ ಕೈ ಎತ್ತಿದಳು. ನಾನು ಎತ್ತಲಿಲ್ಲ. ರತ್ನಮ್ಮ ಬಟ್ಟೆ ಹರವಿ, ಖಾಲಿ ಬಕೆಟ್ ಹಿಡಿದು ಹೊರಗಿನ ಮೆಟ್ಟಿಲು ಇಳಿಯಲು ಹೊರಟಳು. ಮೆಟ್ಟಿಲೆಲ್ಲ ನೀರು. ಅದೇ ಹೊತ್ತಿಗೆ ಕುಮುದಾ, ಅವಳಿಗೆ ಬೆನ್ನು ಹಾಕಿ, ಗಂಟಲು ಬಿಟ್ಟು ಕೂಗಿದಳು: ‘ಈ ಮನೆಯಿಂದ ಆಚೆ ನಡಿ, ಇಲ್ಲಾಂದ್ರೆ ನಾನೇ ದಬ್ತೀನಿ.’ ರತ್ನಮ್ಮನ ಕಾಲು ಜಾರಿತು. ಇಬ್ಬರ ನಡುವೆ ಇಡೀ ಮಹಡಿಯಷ್ಟು ದೂರವಿತ್ತು.

ಬೀದಿಯವರು ಕೇಳಿಸಿಕೊಂಡದ್ದು ಆ ಮಾತನ್ನು, ಆಮೇಲೆ ಬಿದ್ದ ಸದ್ದನ್ನು. ನೋಡಿದವಳು ನಾನೊಬ್ಬಳೇ.

ರತ್ನಮ್ಮನ ತಲೆಗೆ ಪೆಟ್ಟಾಗಿ ವಾರಗಟ್ಟಲೆ ಮಾತೇ ಹೊರಡಲಿಲ್ಲ. ಅವಳ ತಮ್ಮ ಬಂದ. ಹತ್ತು ಜನ ಹತ್ತು ಹೇಳಿದರು — ಅವನಾದರೂ ಏನು ಮಾಡಿಯಾನು — ಠಾಣೆಗೆ ಹೋಗಿ ದೂರು ಕೊಟ್ಟ. ಮರುದಿನವೇ ಬೀದಿ ತುಂಬ ಕ್ಯಾಮೆರಾ. ಒಬ್ಬಳು ಹುಡುಗಿ ಮೈಕ್ ಹಿಡಿದು ನಮ್ಮ ಗೇಟಿನ ಹತ್ತಿರ ಬಂದಳು. ನಾನು ಒಂದು ನಿಮಿಷ ಎಂದು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದೆ. ಇದನ್ನೂ ಬರೆಯಬೇಕು. ನನ್ನ ಬಾಯಿ ತಪ್ಪಿ ಬಂದ ಮಾತಲ್ಲ ಅದು, ಸೀರೆ ಉಟ್ಟು ನೆರಿಗೆ ಸರಿಮಾಡಿಕೊಳ್ಳುವಷ್ಟು ಹೊತ್ತು ನನಗೆ ಸಿಕ್ಕಿತ್ತು.

‘ಅಮ್ಮ, ಜಗಳ ಕೇಳಿಸ್ತಾ ಇತ್ತಾ?’ ಎಂದಳು.

‘ಕೂಗಾಟ ದಿನಾ ಕೇಳ್ಸುತ್ತಮ್ಮ. ಅವತ್ತೂ ಕೇಳಿಸ್ತು. ನಾನೇ ದಬ್ತೀನಿ ಅಂದ್ರು. ಅದಾದ್ಮೇಲೆ ದಡಾರ್ ಅಂತು.’

ನೋಡಿ, ಇದರಲ್ಲಿ ಒಂದೂ ಸುಳ್ಳಲ್ಲ. ಇನ್ನೊಂದು ವಾಕ್ಯ ಸೇರಿಸಬೇಕಿತ್ತು, ಅಷ್ಟೇ — ಅದು ಧಾರಾವಾಹಿಯ ಮಾತು, ಅವಳು ದೂರದಲ್ಲಿದ್ದಳು ಎಂದು. ಸೇರಿಸಲಿಲ್ಲ. ಮೈಕ್ ಇನ್ನೂ ನನ್ನ ಮುಂದೆಯೇ ಇತ್ತು, ಆ ಹುಡುಗಿ ಕಾಯುತ್ತಲೂ ಇದ್ದಳು.

ಸಂಜೆಯೊಳಗೆ ಆ ತುಣುಕು ಎಲ್ಲರ ಫೋನಿಗೆ ಬಂದಿತ್ತು. ಬೀಗಿತ್ತಿ ತಾವೇ ಫೋನ್ ಮಾಡಿ, ‘ಟೀವಿಲಿ ನಿಮ್ಮನ್ನೇ ನೋಡ್ತಾ ಇದೀವಿ, ಎಷ್ಟು ಧೈರ್ಯ ರೀ ನಿಮ್ಗೆ,’ ಎಂದರು. ನಿಶ್ಚಿತಾರ್ಥದ ದಿನ ಹೋದ ಮಾನ ಅವತ್ತು ವಾಪಸ್ ಬಂತು ಎನ್ನಿಸಿತು. ಆದ್ದರಿಂದ ಪೊಲೀಸಿನವರು ಬಂದು, ‘ನೀವು ಕಣ್ಣಲ್ಲಿ ಏನಾದ್ರೂ ನೋಡಿದ್ರಾಮ್ಮ?’ ಎಂದು ಮರ್ಯಾದೆಯಿಂದಲೇ ಕೇಳಿದಾಗ, ನೋಡಿಲ್ಲ ಸಾರ್, ಕೇಳಿಸಿದ್ದಷ್ಟೇ ಎಂದೆ. ಯಜಮಾನರು ಪಕ್ಕದಲ್ಲೇ ಇದ್ದರು. ನಾನು ಸಂಡಿಗೆ ಇಟ್ಟದ್ದು ಅವರಿಗೆ ಗೊತ್ತಿತ್ತು. ಈ ವಿಷಯ ಅವರ ಬಾಯಲ್ಲಿ ಇವತ್ತಿನವರೆಗೂ ಬಂದಿಲ್ಲ.

ಕುಮುದಾಳನ್ನು ಕರೆದುಕೊಂಡು ಹೋದರು. ಕೊಲೆ ಯತ್ನ ಎಂದರು. ಅದು ಧಾರಾವಾಹಿಯ ಮಾತು ಎಂದು ಅವಳು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಹನ್ನೆರಡು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದಳು. ಅಷ್ಟರಲ್ಲಿ ಧಾರಾವಾಹಿಯ ಅತ್ತೆಗೆ ಬೇರೆ ಮುಖ ಬಂದಿತ್ತು.

ಎರಡು ತಿಂಗಳಿಗೆ ರತ್ನಮ್ಮನಿಗೆ ಮಾತು ಬಂತು. ಬಂದದ್ದೇ ಅವಳು ಹೇಳಿದ್ದು, ‘ನಾನೇ ಜಾರಿದ್ದು, ಅಮ್ಮೋರು ನನ್ನ ಮುಟ್ಟೇ ಇಲ್ಲ’ ಎಂದು. ಪೊಲೀಸರು ಬಿ ರಿಪೋರ್ಟ್ ಹಾಕಿದರು, ಅಂದರೆ ಆರೋಪಕ್ಕೆ ಆಧಾರವಿಲ್ಲ ಎಂದು ಬರೆದು ಕೊಟ್ಟರು. ಕೋರ್ಟು ಒಪ್ಪಿ ಕೇಸು ಮುಚ್ಚಿತು. ಸುದ್ದಿ ಕೇಳಿ ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸದ್ಯ, ನಾನು ಬಾಯಿ ಬಿಡದೆಯೇ ಎಲ್ಲ ಸರಿಹೋಯಿತು ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಎಂಥ ಮೂರ್ಖಳು.

ಸರಿಹೋಗಲಿಲ್ಲ. ಬೀದಿ ಮೊದಲಿಗಿಂತ ಹೆಚ್ಚು ಸಿಟ್ಟಾಯಿತು. ಕೇಸಿದ್ದಾಗ ‘ನೋಡೋಣ, ಏನಾಗುತ್ತೋ’ ಎನ್ನುತ್ತಿದ್ದವರೂ ಈಗ ತೀರ್ಪು ಕೊಟ್ಟರು. ದೊಡ್ಡವರಿಗೆಲ್ಲ ಹೀಗೇ, ಕೆಲಸದವಳ ಬಾಯಿ ಮುಚ್ಚಿಸಿದ್ದಾರೆ, ಪಾಪ ಬಡವರು. ಅದರಲ್ಲಿ ತಪ್ಪೇನಿದೆ ಎಂದೂ ನನಗನ್ನಿಸುತ್ತದೆ — ಹಾಗೆ ಬಾಯಿ ಮುಚ್ಚಿಸಿಕೊಂಡ ಬಡವರು ನಮ್ಮ ಸುತ್ತ ಇಲ್ಲವೇ? ಇದ್ದಾರೆ. ಜನರ ಸಿಟ್ಟು ಸುಳ್ಳು ಸಿಟ್ಟಲ್ಲ. ಅದನ್ನು ತಪ್ಪು ಮನೆಯ ಬಾಗಿಲಿಗೆ ಕರೆದುಕೊಂಡು ಹೋದವಳು ನಾನು. ಯಾಕೆಂದರೆ ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ: ‘ಎದುರು ಮನೆ ಆಂಟಿನೇ ಹೇಳಿದಾರಲ್ಲ, ಅವರ್ಗೇನು ದ್ವೇಷನಾ?’ ಹಳೆಯ ತುಣುಕು ಮತ್ತೆ ಓಡಾಡಿತು. ದರ್ಶಿನಿಯ ಕೌಂಟರಿನಾತ ನನ್ನ ಗುರುತು ಹಿಡಿದು, ‘ನಿಮ್ಮಂಥೋರು ಇರ್ಬೇಕು ಆಂಟಿ,’ ಎಂದು ಬಿಸಿ ಇಡ್ಲಿ ಆರಿಸಿ ಕೊಟ್ಟ. ನಾನು ಅದನ್ನು ತಿಂದೆ ಕೂಡ. ಕುಮುದಾಳ ಗೇಟಿಗೆ ಯಾರೋ ಸಗಣಿ ನೀರು ಎರಚಿದರು. ಕಾಲೇಜು ಹುಡುಗರು ಬೈಕ್ ನಿಲ್ಲಿಸಿ ‘ನಾನೇ ದಬ್ತೀನಿ’ ಎಂದು ಕೂಗಿ ಹೋಗುತ್ತಿದ್ದರು.

ಆಗ ವರಮಹಾಲಕ್ಷ್ಮಿ ಹಬ್ಬ ಬಂತು. ಮೊದಲೆಲ್ಲ ಆ ಸಂಜೆ ಬೀದಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಎಂದು ಅವಳ ಮನೆಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಟೀವಿಯ ಅತ್ತೆಯ ಕೈಯಿಂದ ತಾಂಬೂಲ ಎಂದರೆ ಸುಮ್ಮನೆಯೇ? ಹಬ್ಬದ ಹಿಂದಿನ ದಿನ ಅವಳು ಪ್ರತಿವರ್ಷದಂತೆ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಕರೆಯಲು ಹೋದಳು. ಕೆಲವರು ಬಾಗಿಲು ತೆಗೆಯಲಿಲ್ಲ. ನಾನು ತೆಗೆದೆ. ತುಂಬ ಇಳಿದುಹೋಗಿದ್ದಳು. ನನ್ನ ಹಣೆಗೆ ಕುಂಕುಮ ಇಟ್ಟು, ಹೋಗದೆ ಹಾಗೇ ನಿಂತಳು.

‘ಅವತ್ತು ನೀವು ಮಹಡಿ ಮೇಲಿದ್ರಿ,’ ಎಂದಳು. ‘ನಾನು ಕೈ ಎತ್ತಿದ್ದೆ. ಪೊಲೀಸ್ನೋರಿಗೆ ನಿಮ್ಮ ಹೆಸರು ಹೇಳ್ಲಿಲ್ಲ ಗಿರಿಜಕ್ಕ. ನೀವಾಗೇ ಹೇಳ್ತೀರಿ ಅಂದ್ಕೊಂಡು ಕಾಯ್ತಾ ಇದ್ದೆ.’

‘ಕುಮುದಾ, ನಾನು...’ ಎಂದೆ.

‘ನನಗೆ ಗೊತ್ತಿರೋದನ್ನ ನನಗೇ ಹೇಳಿ ಏನು ಮಾಡ್ತೀರಾ? ಈ ಬೀದಿಯವರಿಗೆ ಹೇಳಿ. ನಾಳೆ ಬನ್ನಿ, ಅಷ್ಟು ಸಾಕು. ನೀವು ಬಂದ್ರೆ ಅವ್ರೂ ಬರ್ತಾರೆ.’

ಅವಳು ಕೇಳಿದ್ದು ಅಷ್ಟು. ರಸ್ತೆ ದಾಟಿ ಹೋಗಿ, ಕುಂಕುಮ ಇಡಿಸಿಕೊಂಡು, ಹೊಸಲಿನಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಒಂದು ನಿಮಿಷ ನಿಲ್ಲಬೇಕಿತ್ತು. ಇಪ್ಪತ್ತು ಹೆಜ್ಜೆ. ಮರುದಿನ ಸೀರೆ ಉಟ್ಟೆ, ಬಾಗಿಲವರೆಗೆ ಹೋದೆ. ಪಕ್ಕದ ಮನೆಯ ಶಾಂತಲಾ ಕಾಂಪೌಂಡಿನಿಂದಲೇ, ‘ನೀವೂ ಹೋಗ್ತೀರಾ ಆಂಟಿ?’ ಎಂದಳು. ‘ಏ, ನಾನ್ಯಾಕೆ ಹೋಗ್ಲಿ,’ ಎಂದು ಒಳಗೆ ಬಂದೆ. ಕಿಟಕಿಯ ಸಂದಿನಿಂದ ನೋಡುತ್ತ ಕೂತೆ. ತಾಂಬೂಲದ ತಟ್ಟೆಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ಅವಳು ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಬಂದವಳು ಒಬ್ಬಳೇ, ರತ್ನಮ್ಮ — ಕೋಲೂರಿಕೊಂಡು, ತಲೆಗೆ ಒಂದು ಮೊಳ ಮಲ್ಲಿಗೆ ಮುಡಿದು. ಬೀದಿ ಅದಕ್ಕೂ ಮಾತಾಡಿತು. ನೋಡಿದ್ರಾ, ಹೇಗೆ ಕರೆಸ್ಕೊಂಡಿದಾಳೆ ಎಂದರು.

ಕಾರ್ತಿಕದ ಹೊತ್ತಿಗೆ ಮನೆಯ ಮಾಲೀಕರು ಬೇರೆ ಕಡೆ ನೋಡಿಕೊಳ್ಳಿ ಎಂದರು. ಕುಮುದಾ ಕೆಂಗೇರಿಯ ಆಚೆ ಎಲ್ಲೋ ಹೋದಳು. ರತ್ನಮ್ಮ ಅವಳ ಜೊತೆಗೇ ಹೋದಳಂತೆ. ಅಲ್ಲಿಂದ ಈಚೆಗೆ ಯಾವ ಧಾರಾವಾಹಿಯಲ್ಲೂ ಅವಳ ಮುಖ ನೋಡಿಲ್ಲ. ಮರೆತುಬಿಡಬಹುದು ಎಂದುಕೊಂಡಿದ್ದೆ, ಆಗಲಿಲ್ಲ. ಮೊಮ್ಮಗಳು ಏನಾದರೂ ಬೀಳಿಸಿ ‘ನಾನಲ್ಲ ಅಜ್ಜಿ’ ಎಂದಾಗಲೂ ನನಗೆ ಆ ಮೆಟ್ಟಿಲೇ ಕಣ್ಣ ಮುಂದೆ ಬರುತ್ತದೆ.

ಹೋದ ಶುಕ್ರವಾರ ಹೇಳಿದೆ. ನಮ್ಮ ಬೀದಿಯ ಹೆಂಗಸರು ವಾರಕ್ಕೊಮ್ಮೆ ಸೇರಿ ವಚನ ಹಾಡುತ್ತೇವೆ, ಹದಿನೈದು ಜನ, ಶಾಂತಲಾಳ ಮನೆಯ ಹಾಲ್‌ನಲ್ಲಿ. ಹಾಡು ನಿಂತು ಎಲ್ಲರೂ ನೀರು ಕುಡಿಯುವಾಗ, ಒಂದು ವಿಷಯ ಹೇಳಬೇಕು ಎಂದೆ. ಮಹಡಿ, ಸಂಡಿಗೆ, ನೀರಿನ ತೊಟ್ಟಿ, ಮೆಟ್ಟಿಲು — ಎಲ್ಲ ಹೇಳಿದೆ. ನಿಶ್ಚಿತಾರ್ಥದ ಸಿಟ್ಟನ್ನೂ ಹೇಳಿದೆ. ಉಗಿಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ.

ಯಾರೂ ಉಗಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಶಾಂತಲಾ ನನ್ನ ಭುಜದ ಮೇಲೆ ಕೈಯಿಟ್ಟು, ತುಂಬ ಅಕ್ಕರೆಯಿಂದ, ದನಿ ತಗ್ಗಿಸಿ ಕೇಳಿದಳು: ‘ಆಂಟಿ, ನಿಜ ಹೇಳಿ. ನಿಮ್ಗೂ ದುಡ್ಡು ಕೊಟ್ಲಾ ಅವ್ಳು?’

‘ಇಲ್ಲಮ್ಮ. ನಾನು ನೋಡ್ದೆ,’ ಎಂದೆ.

‘ಹೋಗ್ಲಿ ಬಿಡಿ ಆಂಟಿ. ನಿಮ್ಗೂ ವಯಸ್ಸಾಯ್ತು, ನೆನಪು ಹಿಂದೆ ಮುಂದೆ ಆಗುತ್ತೆ,’ ಎಂದು ಇನ್ನೊಬ್ಬರು ಹಾರ್ಮೋನಿಯಂ ಹತ್ತಿರಕ್ಕೆ ಎಳೆದುಕೊಂಡರು. ಮುಂದಿನ ವಚನ ಶುರುವಾಯಿತು.

ಅಂದರೆ, ಅವತ್ತು ಸುಳ್ಳಿಗೆ ಸಾಕ್ಷಿ ನಿಂತ ನನ್ನನ್ನು ನಂಬಿದರು, ಈಗ ನಿಜ ಹೇಳುವ ನನ್ನನ್ನು ನಂಬುವವರಿಲ್ಲ. ಕುಮುದಾ ಬೀದಿಗೆ ಹೇಳಿ ಎಂದು ಕೇಳಿದಾಗ ಬೀದಿ ನನ್ನ ಮಾತನ್ನು ಕೇಳುತ್ತಿತ್ತು. ಆ ಕಾಲವನ್ನು ಕಿಟಕಿಯ ಸಂದಿನಲ್ಲಿ ಕೂತು ಕಳೆದವಳು ನಾನೇ, ಅದನ್ನು ಅವಳಿಗೆ ಈಗ ಹೇಗೆ ತಂದುಕೊಡಲಿ... ತಂದುಕೊಡಲಾರೆ.

ಬರುವ ಶುಕ್ರವಾರ ಮತ್ತೆ ಹೋಗುತ್ತೇನೆ. ನೀರು ಕುಡಿಯಲು ನಿಲ್ಲಿಸಿದಾಗ ಮತ್ತೆ ಅದನ್ನೇ ಹೇಳುತ್ತೇನೆ. ಅದರ ಮುಂದಿನ ವಾರವೂ. ಗಿರಿಜಮ್ಮನಿಗೆ ತಲೆ ಕೆಟ್ಟಿದೆ ಎನ್ನಲಿ, ಕರೆಯುವುದನ್ನೇ ಬಿಡಲಿ, ಗೇಟಿನ ಹತ್ತಿರ ನಿಂತು ಹೇಳುತ್ತೇನೆ. ಯಾರೂ ನಂಬದ ಮಾತನ್ನು ದಿನವೂ ಹೇಳುತ್ತ ಬದುಕುವುದು ಹೇಗಿರುತ್ತದೆ ಎಂದು ಅವಳಿಗೆ ಗೊತ್ತು. ನನಗೆ ಈಗಷ್ಟೇ ಗೊತ್ತಾಗುತ್ತಿದೆ.