ಹಸುಗೂಸುಗಳ ಹಬ್ಬ

ಜಸಿಂತಾಳಿಗೆ ನವೆಂಬರ್ ಮೊದಲ ವಾರ ಹೆರಿಗೆಯಾಗಬೇಕಿತ್ತು. ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ಹೊಟ್ಟೆಯೊಳಗಿನ ಅಲುಗಾಟ ನಿಂತುಹೋಯಿತು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡಾಗಲೇ ಅವಳಿಗೆ ಗೊತ್ತಾಗಿತ್ತು. ಎಂಟು ಗಂಟೆ ನೋವು ತಿಂದು, ಅಳದ ಮಗುವನ್ನು ಹೆತ್ತಳು. ಹೆಣ್ಣು.

"ನೋಡ್ಬೇಡ ಕಣಮ್ಮ, ನೋಡಿದ್ರೆ ಮರೆಯೋಕಾಗಲ್ಲ" ಎಂದು ಅತ್ತೆ ಸೆರಗನ್ನು ಅಡ್ಡ ಹಿಡಿದರು. ಅವಳಿಗೂ ತಲೆ ಎತ್ತುವಷ್ಟು ಶಕ್ತಿ ಇರಲಿಲ್ಲ. ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದ ಗಂಡ ಉದಯಕುಮಾರ, ಮಗುವನ್ನು ಬಿಳಿ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋಗಿ ಮಣ್ಣು ಮಾಡಿ ಬಂದ. ಜ್ಞಾನಸ್ನಾನವಾಗದ, ಹೆಸರಿಡದ ಮಗು.

ಆರು ವಾರ ರಜೆ ಮುಗಿಸಿ ಜಸಿಂತಾ ಕೆಲಸಕ್ಕೆ ಮರಳಿದಾಗ ಡಿಸೆಂಬರ್ ಹತ್ತಾಗಿತ್ತು. ಅವಳ ಕೆಲಸ ರಾಜರಾಜೇಶ್ವರಿನಗರದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕಚೇರಿಯಲ್ಲಿ. ಲಿಫ್ಟ್ ಕೆಟ್ಟರೆ, ನೀರು ನಿಂತರೆ, ಪಾರ್ಕಿಂಗ್ ಜಗಳವಾದರೆ ಎಲ್ಲರೂ ಅವಳ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ಅಲ್ಲಿಯ ಹಬ್ಬಗಳ ಉಸ್ತುವಾರಿ ನೋಡುವ ರಾಗಿಣಿ ಅವತ್ತೇ ಬಂದರು. ಕೆಟ್ಟ ಹೆಂಗಸಲ್ಲ. ಬಂದವರೇ ಅವಳ ಕೈ ಹಿಡಿದುಕೊಂಡರು.

"ಜಸಿಂತಾ, ಈ ಸಲ ಕ್ರಿಸ್‌ಮಸ್ ನೀವೇ ಲೀಡ್ ಮಾಡಿ. ನಿಮ್ಮ ಹಬ್ಬ ಅಲ್ವಾ! ಮನಸ್ಸೂ ಸ್ವಲ್ಪ ಬೇರೆ ಕಡೆ ಹೋಗುತ್ತೆ."

"ಆಯ್ತು ಮೇಡಂ" ಎಂದಳು. ಆಗುವುದಿಲ್ಲ ಎಂದರೆ ಯಾಕೆಂದು ಹೇಳಲು ಮಾತು ಬೇಕಿತ್ತು.

ಗಾಳಿ ತುಂಬಿದ ಸಾಂಟಾ, ಥರ್ಮಾಕೋಲ್ ಹಿಮ, ಸೆಲ್ಫಿಗೊಂದು ಚೌಕಟ್ಟು, ಕೆಂಪು ಬಟ್ಟೆ ಹಾಕಿ ಬರಬೇಕೆಂಬ ಮೆಸೇಜು, ಮೊಟ್ಟೆ ಇರುವ ಕೇಕು, ಮೊಟ್ಟೆ ಇಲ್ಲದ ಕೇಕು ಎಲ್ಲವನ್ನೂ ಹೊಂದಿಸಿದಳು. ಲಾಬಿಯ ಸ್ಪೀಕರಿನಲ್ಲಿ ಗಂಟೆ ಕುಣಿಯುವ ಹಾಡು ಬೆಳಗಿನಿಂದ ಸಂಜೆವರೆಗೆ ಓಡುತ್ತಿತ್ತು. ಕನಕಪುರದ ಕಡೆಯ ಅವಳ ಊರಿನಲ್ಲಿ ಹಬ್ಬಕ್ಕೆ ಎರಡು ವಾರ ಮುಂಚೆ ಅಪ್ಪ ತಟ್ಟೆಗಳಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸುತ್ತಿದ್ದರು, ಯೇಸು ಹುಟ್ಟಿದ ಕೊಟ್ಟಿಗೆಯಂತೆ ಕಟ್ಟುವ ಗೋದಲಿಯ ಹುಲ್ಲಿಗೆ. ಹಬ್ಬದ ದಿನದವರೆಗೂ ಗೋದಲಿಯಲ್ಲಿ ಕೂಸಿನ ಜಾಗ ಖಾಲಿ. ಮಕ್ಕಳೆಲ್ಲ ದಿನಾ ಬಂದು ಇಣುಕುವರು. ಇಲ್ಲಿ ಯಾರೂ ಕಾಯುತ್ತಿರಲಿಲ್ಲ. ಇಪ್ಪತ್ತರಂದೇ ಎಲ್ಲ ತಯಾರಾಗಬೇಕಿತ್ತು.

ಡೆಕೋರೇಷನ್‌ನವರು ಒಂದು ಗೋದಲಿಯನ್ನೂ ಕಳಿಸಿದ್ದರು. ಪೆಟ್ಟಿಗೆ ಬಿಚ್ಚುವಾಗ ಮರಿಯಮ್ಮನವರು, ಜೋಸೆಫರು, ಕುರಿ, ಒಂದು ಕೊಂಬು ಮುರಿದ ಹಸು ಸಿಕ್ಕವು. ಕೊನೆಗೆ ಪೇಪರಿನಲ್ಲಿ ಸುತ್ತಿದ ಬಾಲಯೇಸು. ಕೈಗೆ ಭಾರ ತಾಗಿದ್ದೇ ತಡ, ಅವಳ ಎದೆಯಲ್ಲಿ ಬತ್ತಿತೆಂದುಕೊಂಡಿದ್ದ ಹಾಲು ಒಸರಿ ಬಟ್ಟೆ ಒದ್ದೆಯಾಯಿತು. ನಿಂತಲ್ಲೇ ಕುಸಿದು ಕೂತಳು.

ಬಾಗಿಲಲ್ಲಿದ್ದ ಸೆಕ್ಯುರಿಟಿ ಕೊಟ್ರಪ್ಪ ಓಡಿ ಬಂದ. ಅವನು ಬಳ್ಳಾರಿ ಕಡೆಯವನು.

"ಕೊಟ್ರಣ್ಣ, ಇದನ್ನ ನೀವೇ ಒಳಗಿಡಿ. ನನ್ನ ಕೈಲಾಗಲ್ಲ."

"ನಾ ಮುಟ್ಟಬಹುದೇನ್ರೀ ಮೇಡಂ?"

"ಮುಟ್ಟಿ ಅಣ್ಣ."

ಕೊಟ್ರಪ್ಪ ಹೋಗಿ ನಲ್ಲಿಯಲ್ಲಿ ಕೈ ತೊಳೆದು, ಚಪ್ಪಲಿ ಬಿಟ್ಟು ಬಂದ. ಎರಡೂ ಕೈಯಲ್ಲಿ ಎತ್ತಿ, ಕುತ್ತಿಗೆಗೆ ಬೆರಳು ಆಧಾರ ಕೊಟ್ಟು, ಮಣ್ಣಿನ ಬೊಂಬೆಯನ್ನು ಹುಲ್ಲಿನ ಮೇಲೆ ಮಲಗಿಸಿದ. ಆಮೇಲೆ ಅವಳ ಕಡೆ ನೋಡದೆ ಹೇಳಿದ: "ನಮ್ಮ ಮನ್ಯಾಗೂ ಹಿಂಗ ಒಂದು ಹೋತ್ರೀ. ನಮ್ಮಾಕಿ ಇನ್ನೂ ಎಣಿಸ್ತಾಳ, ಇದ್ದಿದ್ರ ಈಗ ಎಂಟನೇ ಕ್ಲಾಸ್ ಓದ್ತಿತ್ತು ಅಂತ."

ಇಪ್ಪತ್ನಾಲ್ಕರ ಸಂಜೆ ಉದಯ ಅಂಗಿ ಇಸ್ತ್ರಿ ಮಾಡಿಕೊಂಡು, "ಚರ್ಚಿಗೆ ಬರ್ತೀಯಾ?" ಎಂದು ಕೇಳಿದ.

"ಹುಟ್ಟಿದ ಅಂತ ಹಾಡೋಕಾ? ಅವನಮ್ಮನಿಗೆ ಕೊಟ್ಟಿಗೇಲಿ ಜೀವಂತ ಸಿಕ್ಕಿದ. ನನಗೆ ಆಸ್ಪತ್ರೇಲೂ ಸಿಗಲಿಲ್ಲ. ನೀನು ಹೋಗು."

ಅವನು ಒಬ್ಬನೇ ಹೋದ. ಗಂಡನಿಗೆ ದುಃಖವೇ ಇಲ್ಲವೇನೋ ಎಂದು ಅವಳಿಗೆ ಆ ದಿನಗಳಲ್ಲಿ ಅನಿಸುತ್ತಿತ್ತು. ಆ ಆಟೋ ಪ್ರಯಾಣದ ಬಗ್ಗೆ ಅವನು ಒಂದು ಮಾತೂ ಆಡಿರಲಿಲ್ಲ. ಅವಳೂ ಕೇಳಿರಲಿಲ್ಲ.

ಹಬ್ಬದ ಮಾರನೆಯ ದಿನ ಚರ್ಚಿನಲ್ಲಿ ಕಸ ಗುಡಿಸುವ ಮುದುಕಿ ಆರೋಗ್ಯಮ್ಮ ಕೆಂಗೇರಿಯ ಇವರ ಮನೆಗೆ ಬಂದಳು. ಸೂತಕದ ಮನೆಯೆಂದು ಕಜ್ಜಾಯ ತರದೆ ನಾಲ್ಕು ಬಾಳೆಹಣ್ಣು ತಂದಿದ್ದಳು.

"ಶನಿವಾರ ಬೆಳಿಗ್ಗೆ ಆರೂವರೆ ಪೂಜೆಗೆ ಬಾ."

"ಅಜ್ಜೀ, ನನಗೆ ಹಾಡೋಕಾಗಲ್ಲ."

"ಹಾಡೋದು ಬೇಡ. ಅವತ್ತು ಹಸುಗೂಸುಗಳ ಹಬ್ಬ ಕಣೇ. ಅಳೋರಿಗೆ ಅಂತಾನೇ ಇರೋದು."

ಯಾಕೆ ಹೋದಳೋ ಅವಳಿಗೇ ತಿಳಿಯದು. ಇಪ್ಪತ್ತೆಂಟರ ಆ ಬೆಳಿಗ್ಗೆ ಚರ್ಚಿನಲ್ಲಿ ಹನ್ನೆರಡು ಮಂದಿಯೂ ಇರಲಿಲ್ಲ. ಹಬ್ಬದ ಕಾಗದದ ತೋರಣಗಳು ಅರ್ಧ ಜೋತುಬಿದ್ದಿದ್ದವು. ವಯಸ್ಸಾದ ಗುರುಗಳು ಪೀಠದಿಂದ ಇಳಿದು ಬೆಂಚುಗಳ ಹತ್ತಿರ ನಿಂತು ಮಾತಾಡಿದರು.

"ಯೇಸು ಹುಟ್ಟಿದ ಸುದ್ದಿ ಕೇಳಿ, ತನ್ನ ಪಟ್ಟ ಹೋಗುತ್ತೆ ಅಂತ ಹೆದರಿ, ಹೆರೋದ ಅರಸ ಬೆತ್ಲೆಹೇಮಿನ ಗಂಡು ಕೂಸುಗಳನ್ನೆಲ್ಲ ಕೊಲ್ಲಿಸಿದ. ಒಂದು ಮಗು ತಪ್ಪಿಸಿಕೊಂಡಿತು. ಉಳಿದ ಮನೆಗಳಲ್ಲಿ ತೊಟ್ಟಿಲು ಬರಿದಾಯಿತು. ಆ ತಾಯಂದಿರು ಯಾರ ಸಮಾಧಾನವನ್ನೂ ಒಪ್ಪಲಿಲ್ಲ. ದೇವರೂ ಅವರಿಗೆ ಅಳು ನಿಲ್ಲಿಸಿ ಅಂತ ಹೇಳಲಿಲ್ಲ. ಅವರ ಅಳುವನ್ನ ಕ್ರಿಸ್‌ಮಸ್ಸಿನೊಳಗೇ ಇಟ್ಟುಕೊಂಡ. ತಪ್ಪಿಸಿಕೊಂಡ ಆ ಮಗುವೂ ಮುಂದೆ ಶಿಲುಬೆಯ ಮೇಲೆ ತಾಯಿಯ ಕಣ್ಣೆದುರೇ ಸತ್ತಿತು. ನಿಮಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಆ ತಾಯಿಗೆ ನಿಮ್ಮ ಸಂಕಟ ಗೊತ್ತು. ಅಷ್ಟು ಮಾತ್ರ ಬಲ್ಲೆ. ಮಗು ಕಳಕೊಂಡವರು ಹೆಸರು ಹೇಳಿ, ಪ್ರಾರ್ಥಿಸೋಣ."

ಆರೋಗ್ಯಮ್ಮ ಬೆಂಚು ಹಿಡಿದು ಎದ್ದಳು. "ಚಿನ್ನಪ್ಪ. ಮೂರು ದಿನ ಇದ್ದ. ನಲವತ್ತೊಂದು ವರ್ಷ ಆಯ್ತು ಸ್ವಾಮಿ" ಎಂದಳು. ನಿನ್ನೆ ಕಳೆದುಕೊಂಡವಳ ಹಾಗೆ ಅತ್ತಳು.

ಜಸಿಂತಾ ಎದ್ದು ನಿಂತಿದ್ದು ಜೊತೆಗೆ ಬಂದಿದ್ದ ಉದಯನಿಗೂ ಅಚ್ಚರಿ.

"ಅಮಲಾ" ಎಂದಳು. ಆ ಹೆಸರನ್ನು ಅವಳು ಯಾರಿಗೂ ಹೇಳಿರಲಿಲ್ಲ. "ನಮ್ಮ ಮಗಳು. ಅವಳಿಗೆ ಜ್ಞಾನಸ್ನಾನದ ನೀರು ಹಾಕಿಸೋಕಾಗಲಿಲ್ಲ, ಫಾದರ್."

"ದೇವರ ಕೈ ನಮ್ಮ ನೀರಿಗಿಂತ ದೊಡ್ಡದಮ್ಮ" ಎಂದರು ಗುರುಗಳು. ಆಮೇಲೆ ಆ ಹನ್ನೊಂದು ಜನರೂ ಅಮಲಾ ಎಂಬ ಮಗುವಿಗಾಗಿ ಗಟ್ಟಿಯಾಗಿ ಪ್ರಾರ್ಥಿಸಿದರು. ಅವಳ ಮಗಳ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವಳು ಬಾಯಿಗೆ ಸೆರಗು ಒತ್ತದೆ ಅತ್ತಳು.

ಹೊರಗೆ ಬಸ್ ಸ್ಟಾಪಿನಲ್ಲಿ ನಿಂತಾಗ ಅವಳೇ ಕೇಳಿದಳು. "ಉದಯ, ಕೂದಲಿತ್ತಾ?"

ಅವನು ಮೈಸೂರು ರಸ್ತೆಯ ಕಡೆ ನೋಡುತ್ತಲೇ ಹೇಳಿದ. "ಇತ್ತು. ಹಣೆವರೆಗೂ ಇತ್ತು."

"ಬೆರಳು?"

"ಉದ್ದ. ನಿಂದೇ. ಆಟೋ ಹಳ್ಳಕ್ಕೆ ಇಳಿದಾಗೆಲ್ಲ ಗಟ್ಟಿಯಾಗಿ ಹಿಡ್ಕೋತಿದ್ದೆ. ಅವಳಿಗೆ ನೋವಾಗಬಾರದು ಅಂತ…" ರಸ್ತೆಯ ಬದಿಯಲ್ಲಿ, ಕಾಲೇಜಿನ ಹುಡುಗರ ನಡುವೆ, ಆ ದೊಡ್ಡ ಆಳು ಮುಖ ಮುಚ್ಚಿಕೊಂಡು ಬಿಕ್ಕಿದ. ಅವಳು ಅವನ ಬೆನ್ನ ಮೇಲೆ ಕೈ ಇಟ್ಟಳು.

ಎರಡು ಬಸ್ಸು ಬಂದು ಹೋದವು. ಅಪಾರ್ಟ್‌ಮೆಂಟಿನಿಂದ ರಾಗಿಣಿ ಫೋನು ಮಾಡಿದರು, ನ್ಯೂ ಇಯರ್ ಡಿಜೆಗೆ ಪರ್ಮಿಷನ್ ಕೇಳಬೇಕಿತ್ತು.

"ಮೇಡಂ, ಇವತ್ತು ಬರಲ್ಲ. ನಮಗೆ ಇವತ್ತು ಹಬ್ಬ" ಎಂದಳು ಜಸಿಂತಾ.

"ಇವತ್ತಾ? ಯಾವ ಹಬ್ಬ?"

ಅವಳು ನಿಧಾನವಾಗಿ, ಮೊದಲಿನಿಂದ, ಹೇಳತೊಡಗಿದಳು.